ಜಪಾನಿನ ಕಷಾಯ

ಕಳೆದ ವಾರ ಶಿನಾಗಾವಾದ ನಮ್ಮ ಆಫೀಸಿನ ಪ್ಯಾಂಟ್ರಿಗೆ ಕಾಫಿಗೆಂದು ಹೋದಾಗ ಚಕ್ಕೆ, ಶುಂಠಿಯ ಘಾಟು ಮೂಗಿಗೆ ಬಡಿಯಿತು. ನೆಗಡಿಯಾಗಿದ್ದ ಸಹೋದ್ಯೋಗಿಯೊಬ್ಬರು ಸಣ್ಣ ಪೊಟ್ಟಣ ಹರಿದು ಬಿಸಿನೀರಿಗೆ ಸುರಿದುಕೊಳ್ಳುತ್ತಿದ್ದರು. ಮಾಸ್ಕಿನೊಳಗಿಂದಲೇ "ಸುಮಿಮಾಸೆನ್, ವಾಸನೆ ಜಾಸ್ತಿ ಆಯ್ತಾ?" ಎಂದು ಕ್ಷಮೆ ಕೇಳಿದರು. ಇಲ್ಲವೆಂದು ತಲೆಯಾಡಿಸಿ, ಕಾಫಿ ಮರೆತು ಸೀಟಿಗೆ ವಾಪಸಾದೆ. ನನ್ನ ಸೆನ್ಸೇ ನೆನಪಾಗಿದ್ದರು...

ಸೆನ್ಸೇ ಎಂದರೆ ಜಪಾನಿನಲ್ಲಿ ಮೇಷ್ಟ್ರು. ನನ್ನ ಸೆನ್ಸೇ ಅರವತ್ತು ಸಮೀಪಿಸಿದ ಹೆಂಗಸು. ಕಾಶಿವಾ ಎಂಬ ಊರಿನ ಕ್ಯಾಂಪಸ್ಸಿನಲ್ಲಿ ವಿದ್ಯಾರ್ಥಿ ಕ್ರೀಡಾಪಟುಗಳ ಸ್ನಾಯುಬಲದ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ಮೈಸೂರಿನಿಂದ ಓದಲು ಬಂದಿದ್ದ ನನಗೆ ಕಂಪ್ಯೂಟರ್ ನೆಪ, ಓಟ ಹುಚ್ಚು. ಅವರ ಅಧ್ಯಯನಕ್ಕೆ ನಾನೂ ಹೆಸರು ಕೊಟ್ಟಿದ್ದೆ. ಕುರ್ಚಿಯಲ್ಲಿ ಕೂರಿಸಿ, ತೊಡೆಗೆ ಬೆಲ್ಟು ಬಿಗಿದು, ಎದುರಿನ ಕಂಬಿಯನ್ನು ಶಕ್ತಿಮೀರಿ ಒದೆಯಲು ಹೇಳುತ್ತಿದ್ದರು. ಪಕ್ಕದಲ್ಲಿ ನಿಂತು "ಮೊಟ್ಟೊ! ಮೊಟ್ಟೊ!" ಎಂದು ಕೂಗುತ್ತಿದ್ದರು. ಇನ್ನೂ, ಇನ್ನೂ ಎಂದು ಅದರ ಅರ್ಥ. ಮೊದಲ ದಿನ ನಾನು ಒದೆಯುವುದನ್ನು ನಿಲ್ಲಿಸಿ, ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಗಂಭೀರವಾಗಿ ತಿಳಿಸಿದ್ದೆ. ವಿಷಯ ಅರ್ಥವಾದಾಗ ಸೆನ್ಸೇ ಗೋಡೆ ಹಿಡಿದುಕೊಂಡು ನಕ್ಕಿದ್ದರು.

ಅಷ್ಟು ನಗುವವರು ಡೋಪಿಂಗ್ ವಿಷಯ ಬಂದರೆ ಮಾತ್ರ ಕಡ್ಡಿ ಮುರಿದಂತೆ ಮಾತಾಡುತ್ತಿದ್ದರು. ಆಗಾಗ ನಮ್ಮನ್ನೆಲ್ಲ ಕೂರಿಸಿಕೊಂಡು ಯಾವ ಮಾತ್ರೆ ಕೂಡದು, ಯಾವ ಪುಡಿ ಕೂಡದು ಎಂದು ಪಾಠ ಮಾಡುತ್ತಿದ್ದರು. ನಾನು ಹಿಂದಿನ ಸಾಲಿನಲ್ಲಿ ಆಕಳಿಸುತ್ತಿದ್ದೆ. ಸೂಜಿ ಚುಚ್ಚಿಕೊಂಡು ತೋಳು ಉಬ್ಬಿಸಿಕೊಳ್ಳುವವರ ಕಥೆ ಸಾರು-ಅನ್ನ ತಿನ್ನುವವಳಿಗೆ ಯಾಕೆ?

ಓದು ಮುಗಿಯುತ್ತಾ ಬಂದಿತ್ತು. ಭಾನುವಾರದ ಎಂಟುನೂರು ಮೀಟರ್ ಓಟ ನನ್ನ ಕೊನೆಯದು. ಕೆಲಸಕ್ಕೆ ಸೇರಿದ ಮೇಲೆ ಇನ್ನೆಲ್ಲಿಯ ಓಟ! ಅದೇ ವಾರ ನೆಗಡಿ ಹಿಡಿಯಿತು. ಓಜಿಮಾದಲ್ಲಿದ್ದ ಬೆಂಗಳೂರಿನ ಆಂಟಿ ಮನೆಗೆ ಕರೆಸಿಕೊಂಡು ಪೊಟ್ಟಣದ ಪುಡಿಯೊಂದನ್ನು ಬಿಸಿನೀರಿಗೆ ಬೆರೆಸಿ ಕುಡಿಸಿದರು, ಜೊತೆಗೆ ಕಟ್ಟಿಯೂ ಕೊಟ್ಟರು. "ಜಪಾನೀಸ್ ಕಷಾಯ ಕಣೇ! ಶುಂಠಿ, ಚಕ್ಕೆ, ಎಲ್ಲಾ ನ್ಯಾಚುರಲ್. ನಮ್ಮನೇಲಿ ಮಕ್ಕಳಿಗೂ ಇದೇ." ಶನಿವಾರ ಬೆಳಿಗ್ಗೆಯೂ ಕುಡಿದೇ ಲ್ಯಾಬಿಗೆ ಹೋದೆ.

"ಏನಾದರೂ ಔಷಧಿ ತಗೊಂಡಿದ್ದೀಯಾ?" ಬೆಲ್ಟು ಬಿಗಿಯುತ್ತಾ ಸೆನ್ಸೇ ಎಂದಿನಂತೆ ಕೇಳಿದರು.

"ಇಲ್ಲ ಸೆನ್ಸೇ."

ಅವರ ಕೈ ನಿಂತಿತು. "ಹಾಗಾದರೆ ಈ ವಾಸನೆ?"

"ಅದಾ? ಅದು ಕಷಾಯ. ಔಷಧಿ ಅಲ್ಲ."

ನಾನು ಸುಳ್ಳು ಹೇಳಿರಲಿಲ್ಲ. ಔಷಧಿ ಎಂದರೆ ಡಾಕ್ಟರು ಬರೆದುಕೊಡುವುದು. ಕಷಾಯ ಎಂದರೆ ಅಜ್ಜಿ ಮೂಗು ಹಿಡಿದು ಕುಡಿಸುವುದು. ಸೆನ್ಸೇ ಬ್ಯಾಗಿನಲ್ಲಿದ್ದ ಪೊಟ್ಟಣವನ್ನು ಕೇಳಿ ಪಡೆದು, ಕನ್ನಡಕ ಹಣೆಗೇರಿಸಿ ಓದಿದರು. ಶುಂಠಿ, ಚಕ್ಕೆಯ ಜೊತೆ 'ಮಾಓ' ಎಂಬ ಗಿಡವೂ ಅದರಲ್ಲಿತ್ತು. ಅದರ ಸತ್ವ ಓಟದ ದಿನ ಮಿತಿಮೀರಿ ಮೈಯಲ್ಲಿದ್ದರೆ ಡೋಪಿಂಗ್. ನಾಳೆಯ ಹೊತ್ತಿಗೆ ಇಳಿದಿರುತ್ತದೆಯೇ ಎಂದು ಕೇಳಿದೆ. ಇಳಿದಿರಬಹುದು, ಇಳಿಯದೆಯೂ ಇರಬಹುದು, ನನಗೆ ಗೊತ್ತಿಲ್ಲ ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಇಷ್ಟು ಸಣ್ಣ ಸ್ಪೋರ್ಟ್ಸ್ ಮೀಟಿಗೆ ಟೆಸ್ಟ್ ಮಾಡೋರು ಯಾರೂ ಬರಲ್ಲ ಸೆನ್ಸೇ!"

"ಅವರು ಬರಲ್ಲ," ಎಂದರು. "ನೀನು ಬರ್ತೀಯಲ್ಲ."

ಅತ್ತುಬಿಟ್ಟೆ. ಓಡುವುದಿಲ್ಲ ಎಂದು ನಾನೇ ಹೇಳುವವರೆಗೂ ಅವರು ಪಕ್ಕದಲ್ಲೇ ಕೂತಿದ್ದರು. ಆಮೇಲೆ ಕೋಚ್ ಬಳಿಗೆ ಜೊತೆಯಲ್ಲೇ ಬಂದರು. ನಾನು ಬಾಯಿ ತೆರೆಯುವ ಮೊದಲೇ, ತಮಗಿಂತ ಎಷ್ಟೋ ಚಿಕ್ಕವನಾದ ಆ ಕೋಚ್ ಎದುರು ಸೊಂಟ ಬಗ್ಗಿಸಿ ನಿಂತುಬಿಟ್ಟರು. "ಔಷಧಿ ತಗೊಂಡೆಯಾ ಅಂತ ಕೇಳಿದೆ. ನನ್ನ ಪ್ರಶ್ನೆಯೇ ಸರಿ ಇರಲಿಲ್ಲ." ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಭಾನುವಾರ ಸ್ಟ್ಯಾಂಡಿನಲ್ಲಿ ಕೂತು ನನ್ನ ಓಟವನ್ನು ಬೇರೆಯವರು ಓಡುವುದನ್ನು ನೋಡಿದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಸೋಮವಾರ ಲ್ಯಾಬಿಗೆ ಹೋದರೆ ಸೆನ್ಸೇ ನನ್ನ ಕನ್ನಡ ಪದವನ್ನೇ ಹಿಡಿದು, ಅರ್ಥ ಬಿಡಿಸಿ ಹೇಳಿ, ಒಬ್ಬೊಬ್ಬರನ್ನೇ ಹೊಸ ಪ್ರಶ್ನೆ ಕೇಳುತ್ತಿದ್ದರು: "ನಿಮ್ಮ ಮನೆಯ ಕಷಾಯ ಯಾವುದು?" ಔಷಧಿ ಎಂದರೆ ಇಲ್ಲವೆಂದು ತಲೆಯಾಡಿಸುತ್ತಿದ್ದವರೆಲ್ಲ ಈಗ ಬ್ಯಾಗಿಗೆ ಕೈ ಹಾಕಿದರು. ತೈವಾನಿನವಳ ಬೇರು, ವಿಯೆಟ್ನಾಮಿನವನ ಎಣ್ಣೆ, ಜಪಾನೀ ಹುಡುಗರ ಅಜ್ಜಿಯರ ಪುಡಿಗಳು... ಮೇಜು ಸಂತೆಯಾಯಿತು.

ಕಳೆದ ಚಳಿಗಾಲದಲ್ಲಿ ಸೆನ್ಸೇ ತೀರಿಕೊಂಡರು. ಆಫೀಸಿನಲ್ಲಿ ರಜೆ ಕೇಳಲು ಸಂಕೋಚವಾಗಿ ಅಂತ್ಯಕ್ರಿಯೆಗೂ ಹೋಗಲಾಗಲಿಲ್ಲ. ಆ ನೋವು ಇನ್ನೂ ಇದೆ.

ಪ್ಯಾಂಟ್ರಿಯಿಂದ ಬಂದ ಮೇಲೆ ಮನಸ್ಸು ತಡೆಯದೆ ಮೊನ್ನೆ ಶನಿವಾರ ಕಾಶಿವಾಕ್ಕೆ ಹೋದೆ. ಲ್ಯಾಬಿನಲ್ಲಿ ಎಲ್ಲ ಹೊಸ ಮುಖಗಳು. ಮರುದಿನ ಓಟವಿದ್ದ ಹುಡುಗಿಯೊಬ್ಬಳು ಮೂಗು ಒರೆಸಿಕೊಳ್ಳುತ್ತಾ ಕುರ್ಚಿಯಲ್ಲಿ ಕೂತಿದ್ದಳು. ಯುವ ಸಂಶೋಧಕಿ ಕೇಳಿದಳು, "ಕಷಾಯ?" ಹುಡುಗಿ ಅಜ್ಜಿ ಕಳಿಸಿದ್ದ ನೆಗಡಿ ಪುಡಿಯ ಡಬ್ಬಿ ತೆಗೆದುಕೊಟ್ಟಳು. ಅದರ ಸೀಲು ಇನ್ನೂ ಒಡೆದಿರಲಿಲ್ಲ.

"ಕೇಳದೆ ಕುಡೀಬಾರದು ಅಂತ ಇಟ್ಕೊಂಡಿದ್ದೆ," ಎಂದಳು. ಇವಳು ನಾಳೆ ಓಡುತ್ತಾಳೆ ಎಂದು ನನ್ನ ಕಣ್ಣು ತುಂಬಿತು.

ಸಂಶೋಧಕಿ ನನ್ನತ್ತ ತಿರುಗಿ, ಅತಿಥಿಯ ಜೊತೆ ಮಾತಾಡಬೇಕಲ್ಲ ಎಂಬಂತೆ ವಿನಯದಿಂದ ವಿವರಿಸಿದಳು. "ಕಷಾಯ ಅನ್ನೋದು ನಮ್ಮ ಹಳೆಯ ಸೆನ್ಸೇಯವರ ಪದ. ನಿಮ್ಮ ದೇಶದಲ್ಲೂ ಅಂಥದ್ದೇನಾದರೂ ಇದೆಯಾ?"

ಇದೆ ಎಂದೆ. ಪದ ಯಾರದೆಂದು ಹೇಳಲಿಲ್ಲ. ಸೆನ್ಸೇ ಹೆಸರಿನಲ್ಲೇ ಇರಲಿ.