ಒತ್ತೋಯ್ತು

ಬಾಗಲಗುಂಟೆಯ ಚಿಕ್ಕಹನುಮಯ್ಯ ಹನ್ನೊಂದು ವರ್ಷ ಒಂದೇ ಪ್ರೆಸ್ಸಿನ ಮುಂದೆ ಕೂತು ಕೆಲಸ ಮಾಡಿದರು. ಯಶವಂತಪುರದಾಚೆಗಿನ ಒಂದು ಕಾರ್ಖಾನೆ ಅದು. ಕರೆಂಟ್ ಮೀಟರಿನ ಪೆಟ್ಟಿಗೆಗಳಿಗೆ ತಗಡಿನ ಮುಚ್ಚಳ ಒತ್ತುತ್ತಿದ್ದರು. ನಾನು ಬಿ.ಎಸ್ಸಿ. ಮುಗಿಸಿ 1976ರಲ್ಲಿ ಅಲ್ಲಿಯ ತಪಾಸಣೆ ವಿಭಾಗಕ್ಕೆ ಸೇರಿದೆ. ಮುಚ್ಚಳಗಳ ಅಳತೆ ನೋಡುವುದು ನನ್ನ ಕೆಲಸ.

ಆ ಪ್ರೆಸ್ಸಿಗೆ ಇಬ್ಬರು ಬೇಕು. ಖುದ್ದೂಸ್ ತಗಡನ್ನು ಅಚ್ಚಿನೊಳಗೆ ಕೂರಿಸಿ, ಕೈ ಹಿಂದಕ್ಕೆ ತೆಗೆದು, "ಹೂಂ" ಅನ್ನುತ್ತಿದ್ದ. ಚಿಕ್ಕಹನುಮಯ್ಯ ಕಾಲಿನಿಂದ ಪೆಡಲು ಒತ್ತುತ್ತಿದ್ದರು. ಮೇಲಿನ ಅಚ್ಚು ಬೀಳುತ್ತಿತ್ತು. ದಿನಕ್ಕೆ ಸುಮಾರು ಎರಡು ಸಾವಿರ ಸಲ. ಆ ಗದ್ದಲದಲ್ಲಿ ಅವರಿಬ್ಬರಿಗೆ ಬೇರೆ ಮಾತು ಬೇಕಾಗಿರಲಿಲ್ಲ. ಊಟದ ಹೊತ್ತಿನಲ್ಲಿ ಮಾತ್ರ ಒಂದೇ ಬೇವಿನ ಮರದ ಕೆಳಗೆ ಕೂತು, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾ ಮುದ್ದೆ, ಚಪಾತಿ ಹಂಚಿಕೊಳ್ಳುತ್ತಿದ್ದರು.

1979ರ ಜುಲೈನಲ್ಲಿ ಖುದ್ದೂಸನ ಮಗಳಿಗೆ ಮೂರು ದಿನ ಜ್ವರವಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ನಾನು ಆ ಕಡೆ ಹಾದುಹೋಗುತ್ತಾ ಕೇಳಿದೆ: "ಏನ್ ಖುದ್ದೂಸ್, ಮಗೂಗೆ ಜ್ವರ ಬಿಡ್ತಾ?"

ಅವನು ಅಚ್ಚಿನೊಳಗೆ ತಗಡು ಸರಿಮಾಡುತ್ತಿದ್ದ. ತಿರುಗಿ ನೋಡದೆಯೇ "ಹೂಂ" ಅಂದ.

ಅಚ್ಚು ಬಿತ್ತು. ಬಲಗೈಯ ನಾಲ್ಕು ಬೆರಳು ಹೋದವು.

ವಿಚಾರಣೆಯಲ್ಲಿ ಹೇಳಿಕೆ ಬರೆದುಕೊಳ್ಳಲು ನನ್ನನ್ನೇ ಕೂರಿಸಿದರು, ಅಕ್ಷರ ದುಂಡಗಿದೆ ಎಂದು. ಮ್ಯಾನೇಜರು ಕೇಳಿದರು: "ನೀನು ಪೆಡಲ್ ಯಾಕ್ ಒತ್ತಿದೆ?"

"ಒತ್ತೋಯ್ತು ಸಾ," ಅಂದರು ಚಿಕ್ಕಹನುಮಯ್ಯ.

"ಒತ್ತೋಯ್ತು ಅಂದ್ರೆ? ಯಾರ್ ಒತ್ತಿದ್ದು?"

"ಕಾಲು."

"ಕಾಲೇನು ಪಕ್ಕದ ಮನೆಯವರದಾ?"

"ನಂದೇ ಸಾ."

"ಅಂದ್ಮೇಲೆ ನೀನೇ ಒತ್ತಿದ್ದು."

"ಅದನ್ನೇ ನಾನೂ ಕೇಳ್ತಾ ಇವ್ನಿ ಸಾ. ಅವನ ಕೈ ಒಳಗಿರೋದು ಕಾಣ್ತಾ ಇತ್ತು. ಬ್ಯಾಡ ಅನ್ನೋದೂ ಬಂತು. ಅಷ್ಟೊತ್ಗೆ ಕಾಲು ಕೆಳಗಿತ್ತು. ಬ್ಯಾಡ ಅಂದೋನು ನಾನಾ, ಒತ್ತಿದೋನು ನಾನಾ?"

ಕಚೇರಿಯ ಕನ್ನಡದಲ್ಲಿ 'ಒತ್ತೋಯ್ತು' ಎಂಬುದಕ್ಕೆ ಜಾಗವಿಲ್ಲ. 'ಒತ್ತಿದೆನು' ಎಂದು ಬರೆದರೆ ಅವರ ಕೆಲಸ ಹೋಗುತ್ತದೆ. ಕೊನೆಗೆ 'ಪೆಡಲು ಒತ್ತಲ್ಪಟ್ಟಿತು' ಎಂದು ಬರೆದೆ. ಆಕಸ್ಮಿಕವೆಂದು ತೀರ್ಮಾನವಾಯಿತು. ತಿಂಗಳೊಳಗೆ ಎಲ್ಲ ಪ್ರೆಸ್ಸುಗಳಿಗೂ ಕಬ್ಬಿಣದ ಜಾಲರಿ ಹಾಕಿಸಿದರು. ಖುದ್ದೂಸ್ ಅದೇ ಕಾರ್ಖಾನೆಯಲ್ಲಿ ಅಟೆಂಡರ್ ಆದ. ಯಾರೂ ಚಿಕ್ಕಹನುಮಯ್ಯನವರನ್ನು ದೂರಲಿಲ್ಲ. ನನ್ನನ್ನೂ ದೂರಲಿಲ್ಲ.

ಖುದ್ದೂಸ್ ಆಸ್ಪತ್ರೆಯಿಂದ ಬಂದ ವಾರದಲ್ಲಿ ಚಿಕ್ಕಹನುಮಯ್ಯನವರೂ ನಾನೂ ಅವನ ಮನೆಗೆ ಹೋದೆವು. ಯಶವಂತಪುರದ ಸಂತೆಯ ಹಿಂದೆ ಒಂದೂವರೆ ಕೋಣೆಯ ಮನೆ.

"ಬಾ ಗುರು," ಅಂದ ಖುದ್ದೂಸ್. "ಇಸ್ಪೀಟಲ್ಲಿ ಇನ್ನು ನೀನೇ ಗೆಲ್ಲೋದು. ಎಲೆ ಹಿಡಿಯಕ್ಕೇ ಆಗಲ್ಲ ನಂಗೆ."

ಚಿಕ್ಕಹನುಮಯ್ಯ ನಗಲಿಲ್ಲ. ಖುದ್ದೂಸನ ಹೆಂಡತಿ ಕನೀಜ್ ಚಹಾ ತಂದಿಟ್ಟು, "ನಸೀಬು ಅಣ್ಣ. ನೀವು ಏನ್ ಮಾಡಕ್ಕಾಗತ್ತೆ," ಅಂದಳು.

"ನಾನು ಏನೂ ಮಾಡಕ್ಕಾಗ್ದಿದ್ರೆ ಅಲ್ಲಿ ಯಾಕಮ್ಮಾ ಕೂತಿದ್ದೆ?"

ಅವಳು ಗಂಡನ ಮುಖ ನೋಡಿದಳು. ಹೊರಗೆ ಬಂದ ಮೇಲೆ, ಕ್ಷಮಿಸು ಎಂದು ಒಂದು ಮಾತು ಕೇಳಿಬಿಡಬಹುದಿತ್ತಲ್ಲ ಅಂದೆ.

"ಕೇಳಕ್ಕೇ ಬಂದಿದ್ದು ಸಾ. ಕೇಳ್ಬೇಕಾದ್ರೆ ಮಾಡಿದ್ದು ನಾನಾಗಿರ್ಬೇಕಲ್ಲ. ಮಾಡ್ದೇ ಇರೋನು ಕೇಳಿದ್ರೆ ನಾಟ್ಕ ಆಯ್ತದೆ."

ಚಿಕ್ಕಹನುಮಯ್ಯನವರನ್ನು ಬೇರೆ ಪ್ರೆಸ್ಸಿಗೆ ಹಾಕಿದರು. ಜಾಲರಿ ಇದ್ದರೂ ಅವರ ಕಾಲು ಕೆಳಗಿಳಿಯಲಿಲ್ಲ. ತೋಟಕ್ಕೆ ನೀರು ಬಿಡುವ ಕೆಲಸ ಕೊಟ್ಟರು. ಅಲ್ಲಿ ಕೊಳಾಯಿ ತಿರುಗಿಸುವ ಮುಂಚೆ ಕೈಯನ್ನೇ ನೋಡುತ್ತಾ ನಿಲ್ಲುವುದನ್ನು ಎಷ್ಟೋ ಸಲ ಕಂಡೆ. ಕೈ ಏಳುವ ಗಳಿಗೆಗೆ ಸ್ವಲ್ಪ ಮೊದಲು ತಾನು ಎಲ್ಲಿರುತ್ತೇನೆ ಎಂದು ಹಿಡಿಯುವ ಪ್ರಯತ್ನ ಅದು. ಹಾಗೆ ಹಿಡಿಯಲು ಹೋದಷ್ಟೂ ಕೈ ಏಳುವುದು ತಡವಾಗುತ್ತಿತ್ತು. ಒಮ್ಮೆ ಅವರ ಹೆಂಡತಿ ಗೌರಮ್ಮ ಹೇಳಿದರು: "ತುತ್ತು ಹಿಡ್ಕೊಂಡು ಕೂತ್ಬಿಡ್ತಾರೆ ಸಾಮಿ. ಬಾಯಿಗೆ ಆಕ್ಕೊಳ್ಳಿ ಅಂತ ನಾನೇ ಏಳ್ಬೇಕು. ಇಂಗಾದ್ರೆ ಎಂಗೆ?"

ಆಗ ನಾನು ಒಂದು ತಪ್ಪು ಮಾಡಿದೆ, ಒಳ್ಳೆಯದಾಗಲೆಂದೇ.

ಅಪಘಾತಕ್ಕೆ ಎರಡು ವರ್ಷ ಮೊದಲು, ಕೆಲಸದ ವೇಗ ಅಳೆಯಲು ನನಗೆ ಒಂದು ಸ್ಟಾಪ್‌ವಾಚ್ ಕೊಟ್ಟಿದ್ದರು. 'ಹೂಂ'ನಿಂದ ಪೆಡಲಿನವರೆಗೆ ನೂರು ಸಲ ಅಳೆದಿದ್ದೆ. ಹೆಚ್ಚಿನವು ಸೆಕೆಂಡಿನ ಐದನೇ ಒಂದು ಭಾಗ. ಇಪ್ಪತ್ತಮೂರು ಸಲ ಮಾತ್ರ 'ಹೂಂ' ಬರುವ ಮೊದಲೇ ಕಾಲು ಹೊರಟಿತ್ತು. ಖುದ್ದೂಸನ ಭುಜ ಹಿಂದೆ ಸರಿಯುವುದನ್ನೇ ಅದು ಕಾಯುತ್ತಿತ್ತೆಂದು ತೋರುತ್ತದೆ. ಆ ಅಂಕಿಗಳನ್ನು ಅಳತೆಯ ದೋಷವೆಂದು ಹೊಡೆದುಹಾಕಿದ್ದೆ. ವಾಚನ್ನು ಒತ್ತುತ್ತಿದ್ದ ನನ್ನ ಹೆಬ್ಬೆರಳನ್ನೂ ನಾನು ಪೂರ್ತಿ ನಂಬುವಂತಿರಲಿಲ್ಲ.

1982ರಲ್ಲಿ, ಆ ಅಂಕಿಗಳನ್ನು ಬರೆದಿಟ್ಟಿದ್ದ ಪುಸ್ತಕವನ್ನು ಚಿಕ್ಕಹನುಮಯ್ಯನವರ ಮುಂದೆ ಬಿಡಿಸಿದೆ. "ನೋಡಿ, ನಿಮ್ಮ ಕಾಲು ನಿಮ್ಮನ್ನ ಯಾವತ್ತೂ ಕೇಳಿ ಒತ್ತಿದ್ದಲ್ಲ. ಮೊದಲಿನಿಂದ ಹಾಗೇ. ಆವತ್ತಿನದ್ದೂ ನಿಮ್ಮ ತಪ್ಪಲ್ಲ."

ಅವರು ಅಂಕಿಗಳ ಮೇಲೆ ಬೆರಳಿಟ್ಟು ಒಂದೊಂದನ್ನೇ ನೋಡಿದರು.

"ಅಂದ್ರೆ ಹನ್ನೊಂದು ವರ್ಷ ಅವನ ಕೈ ಉಳಿಸ್ಕೊಂಡು ಬಂದಿದ್ದೂ ನಾನಲ್ಲ."

ನಾನು ಪುಸ್ತಕ ಮುಚ್ಚಿದೆ.

"ಅದೊಂದು ನಂದು ಅಂತ ಇಟ್ಕೊಂಡಿದ್ದೆ ಸಾ," ಅಂದರು. ಮುಂದಿನ ತಿಂಗಳು ಕೆಲಸ ಬಿಟ್ಟರು.

1985ರಲ್ಲಿ ಖುದ್ದೂಸ್ ಮನೆ ಖಾಲಿ ಮಾಡಿ ಕೋಲಾರದಲ್ಲಿದ್ದ ಅಣ್ಣನ ಹತ್ತಿರ ಹೊರಟ. ಹೋಗುವ ಮುಂಚೆ ಒಂದು ಭಾನುವಾರ ನಮ್ಮಿಬ್ಬರನ್ನೂ ಊಟಕ್ಕೆ ಕರೆದ. ನಾನು ಬಾಗಲಗುಂಟೆಗೆ ಹೋಗಿ ಹೇಳಿ ಬಂದೆ. ಚಿಕ್ಕಹನುಮಯ್ಯ ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅನ್ನಲೂ ಇಲ್ಲ. "ನೋಡವ ಸಾ, ಬಂದ್ರೆ ಬಂದೆ," ಅಂದರು.

ಮೂರು ಗಂಟೆಯವರೆಗೆ ಕಾದೆವು. ಕನೀಜ್ ಎರಡು ಸಲ ಅನ್ನ ಬಿಸಿ ಮಾಡಿದಳು. ಕೊನೆಗೆ ಖುದ್ದೂಸ್ ಎಡಗೈಯಿಂದ ತಟ್ಟೆ ಎಳೆದುಕೊಂಡ. ಆರು ವರ್ಷದಲ್ಲಿ ಅವನ ಮುಖದಲ್ಲಿ ಸಿಟ್ಟು ಕಂಡದ್ದು ಅದೇ ಮೊದಲು.

"ಕೈ ಹೋಗಿದ್ದು ನಸೀಬು ಅಂತಾನೇ ಇಟ್ಕೊಂಡೆ ಸಾರ್. ಇವತ್ತು ಬರ್ಲಿಲ್ವಲ್ಲ, ಇದು ಮಾತ್ರ ಅವನೇ. ಇದನ್ನ ಮಾಫಿ ಮಾಡಲ್ಲ ನಾನು. ಹೋಗಿ ಹೇಳಿ."

ಮರುದಿನ ಹೋಗಿ ಹೇಳಿದೆ, ಒಂದು ಶಬ್ದವನ್ನೂ ಬದಲಿಸದೆ. ಗೌರಮ್ಮ ಬಾಗಿಲಲ್ಲಿ ನಿಂತಿದ್ದರು. ಅವರು ಅಂದರು: "ಒಗೆದ ಪಂಚೆ ಉಟ್ಕೊಂಡು ಒಂಟಿದ್ರು ಸಾಮಿ. ದಾಸರಳ್ಳೀಲಿ ಬಸ್ಸು ಬಂದು ನಿಂತ್ಕೊಂತಂತೆ, ಕಾಲು ಮೇಲಕ್ ಎತ್ತಕ್ಕಾಗ್ಲಿಲ್ವಂತೆ. ಮೂರು ಬಸ್ಸು ಬಿಟ್ಟು ವಾಪಸ್ ಬಂದವ್ರೆ."

ಚಿಕ್ಕಹನುಮಯ್ಯ ಜಗಲಿಯ ಮೇಲೆ ಕೂತಿದ್ದರು. ಖುದ್ದೂಸನ ಮಾತನ್ನು ಇನ್ನೊಂದು ಸಲ ಹೇಳಿಸಿಕೊಂಡರು.

"ನೀವು ಓದಿದೋರು. ಬಸ್ ಅತ್ತದೇ ಇದ್ದೋನು ನಾನೇನಾ ಸಾ?"

ಹೌದೆಂದರೆ ಖುದ್ದೂಸ್ ಕ್ಷಮಿಸದ ಮನುಷ್ಯ ಅವರೇ ಆಗುತ್ತಾರೆ. ಅಲ್ಲವೆಂದರೆ ಏನಾಗುತ್ತದೆಂದು ಆ ಪುಸ್ತಕ ಬಿಡಿಸಿದ ದಿನ ನೋಡಿದ್ದೆ. ಅವರು ಉತ್ತರಕ್ಕಾಗಿ ನನ್ನ ಬಾಯಿಯನ್ನೇ ನೋಡುತ್ತಾ ಕೂತಿದ್ದರು.