ಮರಹೂಮ್ ಎಂಬ ಪದವಿ

ಮೊನ್ನೆ ಹುಲಿಗಿಗೆ ಹೊರಟ ಬಸ್ಸಿನಲ್ಲಿ ಮುಂದಿನ ಸೀಟಿನ ಮುದುಕರೊಬ್ಬರು ನಶ್ಯದ ಡಬ್ಬಿ ತೆಗೆದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಕಣ್ಣು ತುಂಬಿ ಬಂತು. "ಘಾಟ ಹತ್ತೇನವ್ವ?" ಎಂದಳು ಮಗಳು. ಹೂಂ ಎಂದೆ. ನಮ್ಮ ಓಣಿಯ ಮಾಸ್ತರು ನೆನಪಾದರೆಂದು ಅವಳಿಗೆ ಹೇಳಲಿಲ್ಲ...

ನಾನು ಮದುವೆಯಾಗಿ ಭಾಗ್ಯನಗರಕ್ಕೆ ಬಂದದ್ದು ಎಂಬತ್ತರ ದಶಕದಲ್ಲಿ. ಓಣಿಗೆಲ್ಲ ಮೊದಲ ಟಿ.ವಿ. ನಮ್ಮ ಮನೆಯದು. ಸಂಜೆಯಾದರೆ ಪಡಸಾಲೆ ತುಂಬಾ ಜನ. ಆದರೆ ಟಿ.ವಿ. ಮಾತಾಡುವುದು ಹಿಂದಿ, ನಮಗೆ ಗೊತ್ತಿದ್ದದ್ದು ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಮಾತ್ರ. ಮಾಸ್ತರು ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಕಲಿತವರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಅವರಿಗೊಂದು ಕುರ್ಚಿ ಹಾಕಿ ಕೂಡಿಸುತ್ತಿದ್ದೆವು. "ಆಕಿ ಯಾಕ ಅಳಾಕತ್ತಾಳ್ರಿ ಮಾಸ್ತರ?" ಎಂದು ಕೇಳಿದರೆ, "ತಡೀರ್ಯವ್ವಾ, ಆಕಿ ಅತ್ತ ಮುಗಸ್ಲಿ, ಹೇಳ್ತೀನಿ" ಎಂದು ಒಂದು ಚಿಟಿಕೆ ನಶ್ಯ ಏರಿಸುತ್ತಿದ್ದರು.

ಎದುರು ಮನೆಯ ಅಕ್ಕನ ಗಂಡ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದವನು. ಟಿ.ವಿ. ಧಾರಾವಾಹಿಗಳಿಗೆ ಸೆಟ್ಟು ಬರೆಯುವ ಕೆಲಸ ಸಿಕ್ಕಿತೆಂದು ಬೊಂಬಾಯಿಗೆ ಹೋಗಿದ್ದ. ಮೊದಮೊದಲು ಕಾಗದ ಬಂದವು, ಆಮೇಲೆ ಎರಡು ವರ್ಷ ಸುದ್ದಿಯೇ ಇಲ್ಲ. ಅಕ್ಕ ಮಾತ್ರ ದಿನಾ ಟಪಾಲಿನವನ ದಾರಿ ಕಾಯುವುದನ್ನು ಬಿಡಲಿಲ್ಲ.

ಒಂದು ಭಾನುವಾರ ಸಂಜೆ ದೆಹಲಿಯಿಂದ ದೊಡ್ಡ ಸಮಾರಂಭ ತೋರಿಸಿದರು. ಇಡೀ ದೇಶದ ಟಿ.ವಿ. ಕಲಾವಿದರಿಗೆ ಪ್ರಶಸ್ತಿ ಕೊಡುವುದಂತೆ. ನಟಿ ಬಂದಳು, ಕತೆ ಬರೆದವ ಬಂದ, ಹಾಡಿದವ ಬಂದ. ಆಮೇಲೆ ಸೆಟ್ಟು ಬರೆದವರ ಸರದಿ. ಅಯ್ಯ ಶಿವನೇ! ಪರದೆ ತುಂಬಾ ಅಕ್ಕನ ಗಂಡನ ಫೋಟೋ! ಮಾತುಮಾತಿಗೂ ಉರ್ದು ಬೆರೆಸುತ್ತಿದ್ದ ನಿರೂಪಕ "ಮರಹೂಮ್" ಎಂದು ಶುರುಮಾಡಿ ಅವನ ಹೆಸರು ಹೇಳಿದ. ಸಭೆಯೆಲ್ಲ ಎದ್ದು ನಿಂತಿತು. ಯಾರೋ ಬೇರೆಯವರು ಬಂದು ಪ್ರಶಸ್ತಿ ಇಸಿದುಕೊಂಡರು. ನಮ್ಮ ಪಡಸಾಲೆಯಲ್ಲಿ ಶಿಳ್ಳೆಯೇನು, ಚಪ್ಪಾಳೆಯೇನು!

ಅಕ್ಕನಿಗೆ ಅಳುವೂ ನಗುವೂ ಒಟ್ಟಿಗೇ. "ಮಾಸ್ತರ, ಮರಹೂಮ ಅಂದ್ರ ಏನ್ರಿ? ರಾವಸಾಹೇಬ ಇದ್ದಂಗ ಪದವಿ ಏನ್ರಿ?"

ಮಾಸ್ತರ ಬೆರಳಿನ ನಡುವಿನ ನಶ್ಯ ಅಲ್ಲೇ ಉಳಿಯಿತು. "ಕೃಪಾ ಆದಾಂವ... ದೇವರ ಕೃಪಾ ಆದಾಂವ ಅಂತ ಅರ್ಥ, ತಂಗಿ" ಎಂದರು. ಅಕ್ಕ ಮನೆಗೆ ಓಡಿಹೋಗಿ ಸಕ್ಕರೆ ಡಬ್ಬಿ ತಂದು ಎಲ್ಲರ ಕೈಗೂ ಹಾಕಿದಳು.

ಎಲ್ಲರೂ ಹೋದರೂ ಮಾಸ್ತರು ಹೊಸ್ತಿಲಲ್ಲೇ ನಿಂತಿದ್ದರು. "ತಂಗಿ, ಸತ್ತವರಿಗೆ ಮರಹೂಮ ಅಂತಾರವ್ವಾ. ಅಷ್ಟ ಮಂದ್ಯಾಗ ನನಗ ಬಾಯಿ ಬರಲಿಲ್ಲ. ನೀ ಹೆಣ್ಮಗಳು, ಆಕಿನ್ನ ಹತ್ರ ಕುಂದ್ರಿಸ್ಕೊಂಡು ಹೇಳು. ಇವತ್ತ ಹೇಳು" ಎಂದರು. ಹೂಂ ಎಂದೆ. ಅಕ್ಕನ ಬಾಗಿಲವರೆಗೆ ಹೋದೆ ಕೂಡ. ಅವಳು ಗಂಡನ ಹಳೆಯ ಅಂಗಿ ತೆಗೆದು ಒಗೆಯಲು ನೆನೆಹಾಕುತ್ತಿದ್ದಳು. ನಾಳೆ ಹೇಳಿದರಾಯಿತೆಂದು ಹಿಂದಿರುಗಿದೆ. ಹೇಡಿ ನಾನು.

ಮರುದಿನ ಮುಂಜಾನೆ ಅಕ್ಕ ಬಳೆಗಾರ್ತಿಯನ್ನು ಕರೆದು ನಮ್ಮ ಕಟ್ಟೆಯ ಮೇಲೇ ಕೂಡಿಸಿದಳು. ಬಳೆಗಾರ್ತಿ ಮುಸಲರಾಕಿ, ನಮಗೆಲ್ಲ ಬೇಕಾದವಳು. "ಹಸರ ಬಳಿ ಮುಂಗೈ ತುಂಬಾ ಇಡವಾ. ನಮ್ಮನಿಯವರು ಈಗ ಮರಹೂಮ ಆಗ್ಯಾರ" ಎಂದಳು ಅಕ್ಕ. ನಾಲ್ಕು ಬಳೆ ಏರಿಸಿದ್ದ ಬಳೆಗಾರ್ತಿ ಗಕ್ಕನೆ ಕೈ ಬಿಟ್ಟಳು. "ಯಾ ಅಲ್ಲಾ! ಏನ ಮಾತಾಡ್ತೀ ಬೇಟಿ? ಅದು ಸತ್ತವರಿಗೆ ಅನ್ನೂ ಮಾತು!"

ಅಕ್ಕ ನನ್ನ ಕಡೆ ನೋಡಿದಳು. ನಾನು ಅಲ್ಲಗಳೆಯಲಿ ಎಂದು ನೋಡಿದಳೇನೋ... ಒಲೆಯ ಮೇಲಿನ ಒಗ್ಗರಣೆ ಸೀದು ಮನೆತುಂಬಾ ಹೊಗೆಯಾದದ್ದೂ ನನಗೆ ತಿಳಿಯಲಿಲ್ಲ.

ಅಕ್ಕನ ಮೈದುನ ಬೊಂಬಾಯಿಗೆ ಹೋಗಿ ಬಂದ. ಜ್ವರ ಬಂದು ಎಂಟು ತಿಂಗಳ ಹಿಂದೆಯೇ ಹೋಗಿದ್ದನಂತೆ. ಊರ ವಿಳಾಸ ಅಲ್ಲಿ ಯಾರ ಹತ್ತಿರವೂ ಇರಲಿಲ್ಲವಂತೆ. ಓಣಿಯ ಸಿಟ್ಟೆಲ್ಲ ಮಾಸ್ತರ ಮೇಲೆ ತಿರುಗಿತು. "ಗಂಡ ಸತ್ತಾಕಿ ಕೈಲೆ ಸಕ್ಕರಿ ಹಂಚಿಸಿದ್ರಿ! ಸುಳ್ಳಗಾರ!" ಎಂದು ಅಕ್ಕ ಅವರ ಬಾಗಿಲಲ್ಲಿ ನಿಂತು ಮಣ್ಣು ತೂರಿದಳು. ಮಾಸ್ತರು ಒಂದೇ ಒಂದು ಸಲ ನನ್ನ ಕಡೆ ನೋಡಿದರು. 'ಈಕೆಗೆ ಹೇಳಿದ್ದೆ' ಎಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ನಾನು ನೆಲ ನೋಡಿದೆ.

ಅವರು ಮತ್ತೆ ನಮ್ಮ ಮನೆಗೆ ಬರಲಿಲ್ಲ. ನಾವು ಅರ್ಥವಾಗದ ಹಿಂದಿಯನ್ನೇ ನೋಡುತ್ತಾ ಕೂತೆವು. ಕೊನೆಗೆ ಮಾಸ್ತರು ಹನುಮಸಾಗರದ ಮಗಳ ಮನೆಗೆ ಹೋದರು, ಅಲ್ಲೇ ತೀರಿಕೊಂಡರು. ಮಣ್ಣಿಗೆ ನಮ್ಮ ಓಣಿಯಿಂದ ಒಬ್ಬರೂ ಹೋಗಲಿಲ್ಲ.

ಹುಲಿಗಿಯಿಂದ ಬಂದವಳೇ ಅಕ್ಕನ ಮನೆಗೆ ಹೋದೆ. ಈಗ ಅವಳಿಗೆ ಕಣ್ಣು ಮಂಜು. "ಅಕ್ಕಾ, ಮಾಸ್ತರು ಅವತ್ತ ನನಗ ಖರೇ ಹೇಳಿದ್ರು. ನಿನಗ ಹೇಳು ಅಂದಿದ್ರು. ನಾನ ಹೇಳಲಿಲ್ಲ" ಎಂದೆ.

ಅಕ್ಕ ತಡವರಿಸಿ ನನ್ನ ಮುಂಗೈ ಹುಡುಕಿ ಹಿಡಿದಳು. ಬೈದಿದ್ದರೆ ಚೆನ್ನಾಗಿತ್ತು.

"ಹಂಗಾದ್ರ," ಎಂದಳು, "ಇಷ್ಟ ವರ್ಷ ನಾ ಬೈದದ್ದು ಯಾರಿಗೆ?"