ತೂತು ಕಾಸಿಗೆ ಒಂದು ಗುಂಡಿ

ಬಿಸಿನೀರಿನ ಬಾಣಲೆಯಿಂದ ಎದ್ದ ರೇಷ್ಮೆ ಎಳೆ, ಚರಕಕ್ಕೆ ಹೋಗುವ ದಾರಿಯಲ್ಲಿ ಬ್ರಿಟಿಷರ ಕಾಲದ ಒಂದು ತೂತು ಕಾಸಿನೊಳಗೆ ನುಸುಳುತ್ತಿತ್ತು. ಊರಿಗೆ ಊರೇ ರೇಷ್ಮೆ ಬೆಳೆಯುತ್ತಿದ್ದ ಕಾಲ. ರಾಮನಗರದ ಆ ನೂಲು ಬಿಚ್ಚುವ ಶೆಡ್ಡಿಗೆ ಶಾಲಾ ಮೇಷ್ಟ್ರಾದ ನಾನೂ ಹೋದದ್ದು ನಮ್ಮ ಮನೆಯ ರೇಷ್ಮೆಗೂಡಿನ ನೂಲು ನೋಡಲು; ನೋಡಿದ್ದು ಮಾತ್ರ ಕಾಸನ್ನು. ನಾಣ್ಯ ಸಂಗ್ರಾಹಕನಾಗಿ ನನಗಾಗ ಎಂಟು ದಿನ. ಆಲ್ಬಂ ಕೊಂಡಾಗಿತ್ತು, ಭೂತಗನ್ನಡಿ ಕೊಂಡಾಗಿತ್ತು. ನಾಣ್ಯವೊಂದೇ ಬಾಕಿಯಿತ್ತು.

ನೂಲು ಬಿಚ್ಚುತ್ತಿದ್ದ ಪುಟ್ಟತಾಯಮ್ಮನನ್ನು, “ತಾಯಿ, ಆ ಕಾಸು ನನಗೆ ದಯಪಾಲಿಸುವಿರಾ?” ಎಂದು ಸವಿನಯ ಬೇಡಿದೆ.

“ಕೊಟ್ಬುಟ್ರೆ ಎಳೆ ಎಲ್ಲಿ ತೂರುಸ್ಲಿ ಮೇಷ್ಟ್ರೇ, ನಿಮ್ ಮೂಗಿನ ಹೊಳ್ಳೇಲಾ?” ಎಂದಾಕೆ ನನ್ನ ಅಂಗಿಯನ್ನು ತುಸು ಹೊತ್ತು ದಿಟ್ಟಿಸಿ, “ಆ ಗುಂಡಿ ಕಿತ್ಕೊಡಿ. ಅದ್ರಲ್ಲೂ ತೂತು ಐತೆ” ಎಂದಳು.

ಹೊಟ್ಟೆಯ ಮೇಲಿನ ಗುಂಡಿಯನ್ನು ಅಲ್ಲೇ ಅರ್ಪಿಸಿದೆ. ಕಾಸು ಕೊಡುವಾಗ ಆಕೆ ಹೆಮ್ಮೆಯಿಂದ, “ಅಂಟು ಹಿಡೀಬಾರ್ದು ಅಂತ ದಿನಾ ಬೂದಿ ಹಾಕಿ ತಿಕ್ಕಿವ್ನಿ” ಎಂದಳು.

ಒಂದು ಕೈಯಲ್ಲಿ ಅಂಗಿ ಮುಚ್ಚಿ ಹಿಡಿದುಕೊಂಡು ಮಾಗಡಿ ಬಸ್ಸಿನಲ್ಲಿ ಕೂತು, ಕಾಸನ್ನು ತೊಡೆಯ ಮೇಲಿಟ್ಟು ಭೂತಗನ್ನಡಿ ಹಿಡಿದೆ. ಕಿರೀಟವಿಲ್ಲ, ಇಸವಿಯಿಲ್ಲ, ಒಂದಕ್ಷರವಿಲ್ಲ. ಎರಡು ಕಡೆಯೂ ನುಣ್ಣಗೆ ಬೋಳು. ಮನೆಯಲ್ಲಿ ನನ್ನವಳು ಅದನ್ನು ನೋಡಿ, “ನಲ್ಲಿಗೆ ವಾಷರ್ ತಂದ್ರಾ? ಒಳ್ಳೇದಾಯ್ತು” ಎಂದಳು.

ಕಾಸು ಇಂದಿಗೂ ಆಲ್ಬಮ್ಮಿನ ಮೊದಲ ಪುಟದಲ್ಲಿದೆ. ಆದರೆ ಯಾವ ಮದುವೆಯಲ್ಲಿ ರೇಷ್ಮೆ ಸೀರೆ ಎದುರಾದರೂ, ಅದರ ಎಳೆ ನನ್ನ ಹೊಟ್ಟೆಯ ಗುಂಡಿಯನ್ನು ಹಾದು ಬಂದಿರಬಹುದೆಂದು ನಾನು ಗೌರವದಿಂದ ಎದ್ದು ದಾರಿ ಬಿಡುತ್ತೇನೆ.